ಅಂಗಳ ಸೇರಿದ ಆರುನೂರಾ ಹದಿನಾಲ್ಕು ಬೈಗುಳ

“ನೀವೆಲ್ಲಾ ಹೊರಗ ಹೊರಗ ತೊಳಿಯೂ ಮಂದಿ. ನಾ ಇದನ್ನ ಒಳಗಿಂದ ತೊಳದ ತೋರಸ್ತೇನಿ, ನೋಡ್ತಾ ಇರ್ರಿ,” ಎಂದು ಸಾರಿ ಹುಲಗೇಶ ಅಂಗಿಯ ತೋಳು ಮೇಲೇರಿಸಿ ಕಂಪ್ಯೂಟರಿನ ಮುಂದೆ ಕುಳಿತ. ದಂಡೆತ್ತಿ ಹೊರಟ ಅರಸನೂ ಅಷ್ಟು ಗಂಭೀರವಾಗಿ ಕುದುರೆ ಹತ್ತಿರಲಾರ.

ಅಂದು ಖಂಡೇಪೂಜೆಯ ಹಿಂದಿನ ದಿನ. ಧಾರವಾಡದ ಆ ಮನೆಯಲ್ಲಿ ಬೆಳಗಿನಿಂದ ಆಯುಧಗಳಿಗೆ ಸ್ನಾನ ನಡೆದಿತ್ತು. ಹೆಂಡತಿ ಪ್ರಭಾವತಿ ಸ್ಕೂಟರು, ಮಿಕ್ಸರು, ಹೊಲಿಗೆ ಯಂತ್ರ ಒರೆಸಿ ಮುಗಿಸಿದ್ದಳು. ನವರಾತ್ರಿಗೆಂದು ಉಪ್ಪಿನಬೆಟಗೇರಿಯಿಂದ ಬಂದಿದ್ದ ಅವಳ ತಾಯಿ, ಹುಲಗೇಶನ ಅತ್ತೆ ದುರಗವ್ವ ಈಳಿಗೆಗೂ ಕುಡಗೋಲಿಗೂ ಹುಣಸೆಹಣ್ಣು ಹಚ್ಚಿ, ಮುಖ ನೋಡಿಕೊಳ್ಳುವಷ್ಟು ಬೆಳಗಿದ್ದಳು. ಹುಲಗೇಶ ಮಾತ್ರ ಮೂರು ಸಲ ಚಹಾ ಕುಡಿದು, ಒಂದೇ ಪೇಪರನ್ನು ನಾಲ್ಕು ಸಲ ಓದಿದ್ದ.

“ನಾಳೆ ಪೇಪರಿಗೆ ಪೂಜಾ ಇಲ್ರಿ,” ಎಂದಿದ್ದಳು ಪ್ರಭಾವತಿ. “ಏನರ ಒಂದ ಕೆಲಸಾ ಹಿಡೀರಿ.”

ಆ ಮಾತಿಗೆ ಹುಟ್ಟಿದ ಪ್ರತಿಜ್ಞೆ ಇದು. ಹುಲಗೇಶ ಸರಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ಎರಡು ವರ್ಷದ ಹಿಂದೆ ಅಲ್ಲಿನ ಪ್ರಿಂಟರು ಮೂರು ದಿನ ಮಲಗಿಬಿಟ್ಟಾಗ ಇವನು ಹೋಗಿ ಗೋಡೆಯ ಸ್ವಿಚ್ಚು ಒತ್ತಿದ್ದ, ಅದು ಎದ್ದು ಕೂತಿತ್ತು. ಅಂದಿನಿಂದ ಕಚೇರಿಯವರು ಇವನನ್ನು ‘ಸಿಸ್ಟಂ ಸಾಹೇಬ್ರು’ ಎನ್ನುತ್ತಿದ್ದರು. ಅವರು ಅದನ್ನು ಚೇಷ್ಟೆಗೆ ಅಂದದ್ದು. ನಂಬಿದವನು ಇವನೊಬ್ಬನೇ.

ಆ ಕಂಪ್ಯೂಟರಿನೊಳಗೆ ಏನಿತ್ತೆಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಪ್ರಭಾವತಿ ಮೂರು ವರ್ಷದಿಂದ ಪಿಎಚ್‌ಡಿಗಾಗಿ ಒಂದು ಪ್ರಬಂಧ ಬರೆಯುತ್ತಿದ್ದಳು. ವಿಷಯ, ‘ಧಾರವಾಡ ಸೀಮೆಯ ಬೈಗುಳಗಳು’. ಮಾಹಿತಿದಾರಳು ಒಬ್ಬಳೇ, ಹೆತ್ತ ತಾಯಿ. ದುರಗವ್ವ ಬಾಯಿ ತೆಗೆದಳೆಂದರೆ ಉಪ್ಪಿನಬೆಟಗೇರಿಯ ಎಮ್ಮೆಗಳು ತಾವಾಗಿಯೇ ಗೋದಲಿಗೆ ಹೋಗಿ ನಿಲ್ಲುತ್ತಿದ್ದವು. ಆದರೆ ಕೇಳಿದಾಗ ಬೈಯುವವಳಲ್ಲ. “ಸಿಟ್ಟ ಬರದ ಬೈಯ್ಯೂದಂದ್ರ ಉಪ್ಪಿಲ್ಲದ ಸಾರ ಉಂಡಂಗ,” ಎನ್ನುತ್ತಿದ್ದಳು. ಹೀಗಾಗಿ ಪ್ರಭಾವತಿ ಮೊಬೈಲ್ ಹಿಡಿದು ತಾಯಿಯ ಸಿಟ್ಟಿನ ಹಿಂದೆ ಅಲೆದಳು. ಬಸ್ಸು ನಿಲ್ಲದೆ ಹೋದಾಗ, ಮಂದಿಯ ಆಡು ಹಿತ್ತಲಿನ ಮೆಂತ್ಯೆ ಮೇಯ್ದಾಗ, ಪಕ್ಕದ ಮನೆಯ ಸಂಗವ್ವ ಸುಮ್ಮನೆ ನಕ್ಕಾಗ, ಹೀಗೆ ಮೂರು ವರ್ಷಕ್ಕೆ ಆರುನೂರಾ ಹದಿನಾಲ್ಕು ಬೈಗುಳ ಕೂಡಿಬಿದ್ದವು.

ಮೊಬೈಲಿನಿಂದ ತೆಗೆದು ಹಾಕಿದ ಆ ದನಿಮುದ್ರಣಗಳೂ ಅವುಗಳ ಮೇಲೆ ಬರೆದ ಏಳು ಅಧ್ಯಾಯಗಳೂ ‘ಅವ್ವ’ ಎಂಬ ಒಂದು ಫೋಲ್ಡರಿನಲ್ಲಿದ್ದವು. ಒಂದು ನಕಲು ಪೆನ್ ಡ್ರೈವಿನಲ್ಲಿತ್ತು. ಪೆನ್ ಡ್ರೈವು ಅದೇ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿಕೊಂಡಿತ್ತು. ಬನ್ನಿ ಹಬ್ಬದ ಮರುದಿನ ಎಲ್ಲವನ್ನೂ ಪ್ರಿಂಟು ತೆಗೆಸಿ ಗೈಡ್ ಮೇಡಮ್ಮರ ಕೈಗಿಡಬೇಕಿತ್ತು. ಎರಡು ಸಲ ಮುಂದೂಡಿ ಆಗಿದ್ದ ತಾರೀಖು ಅದು, ಮೂರನೆಯ ಸಲ ಮುಂದೂಡಲು ಬರುವಂತಿರಲಿಲ್ಲ. “ಒಮ್ಮೆರ ಓದಿ ನೋಡ್ರಿ,” ಎಂದು ಪ್ರಭಾವತಿ ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. “ನಾಳೆ ಓದ್ತೇನಿ,” ಎಂದು ಅವನೂ ಅಷ್ಟೇ ಸಲ ಹೇಳಿದ್ದ.

ಈಗ ಸ್ವಚ್ಛತೆಗೆ ಬರೋಣ. ಹುಲಗೇಶನಿಗೆ ಗೊತ್ತಿದ್ದ ಸ್ವಚ್ಛತೆ ಒಂದೇ ಬಗೆಯದು. ಹಬ್ಬ ಬಂತೆಂದರೆ ಮನೆಯ ಸಾಮಾನೆಲ್ಲ ಅಂಗಳಕ್ಕೆ ಹೊತ್ತು ಹಾಕುವುದು, ಬರಿದಾದ ಮನೆ ತೊಳೆಯುವುದು, ಬೇಕಾದ್ದನ್ನು ಒಂದೊಂದಾಗಿ ಒಳಗೆ ತರುವುದು. ಕೊನೆಗೆ ಅಂಗಳದಲ್ಲಿ ಉಳಿದದ್ದು ಕಸ. ಹುಟ್ಟಿದಾಗಿನಿಂದ ಅವನ ಮನೆಯಲ್ಲಿ ನಡೆದು ಬಂದ ಪದ್ಧತಿ ಅದು. ಕಂಪ್ಯೂಟರಿನಲ್ಲಿಯೂ ಅವನು ಅದನ್ನೇ ಮಾಡಿದ. ‘ಅಂಗಳ’ ಎಂಬ ಹೊಸ ಫೋಲ್ಡರು ತೆರೆದು, ಹಳೆಯ ಫೋಲ್ಡರುಗಳನ್ನೆಲ್ಲ ಅದರೊಳಗೆ ಎಳೆದು ಹಾಕಿದ. ಪೆನ್ ಡ್ರೈವಿನಲ್ಲಿದ್ದದ್ದನ್ನೂ ಬಿಡಲಿಲ್ಲ. ನಕಲು ತೆಗೆಯುವ ಮಾತೇ ಇರಲಿಲ್ಲ. ಕಪಾಟನ್ನು ಅಂಗಳಕ್ಕೆ ಹೊತ್ತವರು ಒಳಗೊಂದು ಕಪಾಟು ಬಿಟ್ಟು ಬರುತ್ತಾರೇನು?

ಆಮೇಲೆ ಬೇಕಾದ್ದನ್ನು ಒಳಗೆ ತರತೊಡಗಿದ. ಮೊದಲು ತನ್ನ ಸಾಮಾನು. ಕಚೇರಿಯ ಸುತ್ತೋಲೆಗಳು ಬಂದವು. ಜೋಗದ ಮುಂದೆ ತಾನೊಬ್ಬನೇ ನಿಂತ ನಲವತ್ತು ಫೋಟೋ ಬಂದವು. ಜೋಗವೇ ಕಾಣದಂತೆ ತಾನು ನಿಂತ ಇನ್ನೂ ಇಪ್ಪತ್ತು ಬಂದವು. ಹೆಂಡತಿಯ ಸಾಮಾನಿಗೆ ಕೈ ಹಾಕಬೇಕೆನ್ನುವಷ್ಟರಲ್ಲಿ ಹೊರಗಿನಿಂದ ದುರಗವ್ವನ ದನಿ ಕೇಳಿಸಿತು.

“ಅಳಿಯಾರ, ಹೊತ್ತ ಮುಳಗಾಕ ಬಂತು. ಅಂಗಳದಾಗಿನ ಕಸಾ ದೀಪ ಹಚ್ಚೂದ್ರಾಗ ಹೊರಗ ಹೋಗಬೇಕ್ರಿ. ಲಕ್ಷ್ಮೀ ಬರೂ ಹೊತ್ತು.”

ಅವಳು ಹೇಳಿದ್ದು ಬಾಗಿಲ ಮುಂದೆ ತಾನು ಗುಡಿಸಿಟ್ಟ ಕಸದ ಮಾತು. ಹುಲಗೇಶ ಎದ್ದು ಹೋಗಿ ಅದನ್ನು ಎಸೆದು ಬಂದ. ಕೈ ಕಸ ಎಸೆಯುವ ಲಯದಲ್ಲಿಯೇ ಇತ್ತು. ಪರದೆಯ ಮೇಲೂ ಒಂದು ಅಂಗಳ ಬಿದ್ದಿದ್ದು ಕಂಡಿತು, ಕಿಟಕಿಯಾಚೆ ಸೂರ್ಯನೂ ಅವಸರದಲ್ಲಿದ್ದ. ‘ಅಂಗಳ’ವನ್ನು ಹಿಡಿದು, ಕಂಪ್ಯೂಟರಿನ ಕಸದ ಬುಟ್ಟಿಗೂ ಹಾಕದೆ, ಎರಡು ಕೀಲಿ ಕೂಡಿಸಿ ಒತ್ತಿದ. ಖಾಯಮ್ಮಾಗಿ ಅಳಿಸಲೇ ಎಂದು ಯಂತ್ರ ಕೇಳಿತು. ಇಷ್ಟು ಸಣ್ಣ ವಿಷಯಕ್ಕೆ ಸಿಸ್ಟಂ ಸಾಹೇಬರನ್ನು ಕೇಳುವುದೇನು ಎಂದುಕೊಂಡು ಹೌದು ಎಂದ. ಪರದೆ ಸಾರಿಸಿದ ನೆಲದಂತೆ ಹೊಳೆಯಿತು. ಯಂತ್ರ ಬಂದ್ ಮಾಡಿ, ಕೈ ಕಾಲು ತೊಳೆದು, ನಾಲ್ಕನೆಯ ಚಹಾ ಕುಡಿದ.

ಮರುದಿನ ಬೆಳಿಗ್ಗೆ ಅವನು ಏಳುವ ಹೊತ್ತಿಗೆ ಪೂಜೆಯೇ ಮುಗಿದಿತ್ತು. ಕಂಪ್ಯೂಟರಿನ ಪೆಟ್ಟಿಗೆಗೆ ಚೆಂಡುಹೂವಿನ ಮಾಲೆ, ಪರದೆಯ ಹಣೆಗೆ ಕುಂಕುಮ, ಮೌಸಿನ ಬೆನ್ನಿಗೆ ಭಂಡಾರದ ಅರಿಷಿಣ, ಕೀಲಿಮಣೆಯ ಮೇಲೆ ಅರ್ಧ ಹೋಳು ನಿಂಬೆಹಣ್ಣು. ಪೆನ್ ಡ್ರೈವಿಗೂ ಒಂದು ಬೊಟ್ಟು ಸಿಕ್ಕಿತ್ತು. ಪ್ರಭಾವತಿ ಪ್ರಸಾದ ಕೊಡುತ್ತ, “ನಾಡದ ಇದರ ಹೊಟ್ಟ್ಯಾಗಿಂದ ನನ್ನ ಪ್ರಬಂಧ ಹೊರಗ ಬರ್ತೈತ್ರಿ,” ಎಂದಳು. ಹೊಸ ಸೀರೆಯಲ್ಲಿ ಅವಳ ಮುಖ ಅರಳಿತ್ತು.

ಹುಲಗೇಶನ ಬಾಯಲ್ಲಿದ್ದ ಹೋಳಿಗೆ ಅಲ್ಲಿಯೇ ನಿಂತಿತು. ಒಳಗೆ ತಂದ ಸಾಮಾನಿನ ಪಟ್ಟಿಯನ್ನು ಮನಸ್ಸಿನಲ್ಲಿಯೇ ಓದಿದ. ಸುತ್ತೋಲೆ ಇತ್ತು. ಜೋಗ ಇತ್ತು. ‘ಅವ್ವ’ ಇರಲಿಲ್ಲ.

ನಿಜಕ್ಕೂ ಅವನಿಗೆ ಆಗ ಅಳು ಬಂತು. ಶಾಲೆಯ ಮಕ್ಕಳ ನೋಟುಪುಸ್ತಕ ತಿದ್ದಿ ಮುಗಿಸಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಒಂದೊಂದು ಬೈಗುಳವನ್ನು ಹತ್ತು ಸಲ ಕೇಳಿ ಬರೆದುಕೊಳ್ಳುತ್ತಿದ್ದ ಹೆಂಡತಿ ಕಣ್ಣ ಮುಂದೆ ಬಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದ. ಅರಳಿದ ಆ ಮುಖ ನೋಡಿ ಮುಚ್ಚಿದ. ಹೇಗಾದರೂ ಮಾಡಿ ತಾನೇ ವಾಪಸ್ ತರಬೇಕು, ಅವಳಿಗೆ ಗೊತ್ತಾಗಬಾರದು ಎಂದು ನಿರ್ಧರಿಸಿದ. ಅಳಿಸಿದ ಫೈಲುಗಳನ್ನು ಎಬ್ಬಿಸುವ ಸಾಫ್ಟ್‌ವೇರು ಇರುತ್ತವೆಂದು ಎಲ್ಲೋ ಓದಿದ್ದ. ಅಂಥದ್ದೊಂದನ್ನು ಇಳಿಸಿಕೊಂಡರೆ ಆಯಿತಲ್ಲ ಎಂದು ಸ್ವಿಚ್ಚಿನ ಕಡೆ ಕೈ ಚಾಚಿದ.

“ಅಳಿಯಾರ, ಕೈ,” ಎಂದಳು ದುರಗವ್ವ ಹಿಂದಿನಿಂದ.

“ಸ್ವಲ್ಪ ಧೂಳ ಕುಂತೈತ್ರಿ ಅತ್ತ್ಯಾರ.”

“ಧೂಳ ಅಲ್ರಿ ಅದು, ಭಂಡಾರ. ಪೂಜಾ ಆದ ಆಯುಧಾನ ನಾಳೆ ಬನ್ನಿ ಮುಡಿಯೂತನಾ ಮುಟ್ಟಂಗಿಲ್ಲ. ಕುಡಗೋಲು ಇವತ್ತ ಹುಲ್ಲ ಕೊಯ್ಯೂದಿಲ್ಲ, ಎತ್ತ ನೊಗಾ ಹೊರೂದಿಲ್ಲ. ಇದೂ ದುಡದ ಜೀವ, ಮಲಗಲಿ ಬಿಡ್ರಿ.”

“ಕಚೇರಿಯಿಂದ ಅರ್ಜಂಟ್ ಕೆಲಸಾ ಬಂದೈತ್ರಿ.”

“ಹಬ್ಬದ ದಿನ ಕಚೇರ್ಯಾಗ ಯಾರ ಅದಾರ್ರಿ? ಅಲ್ಲೀ ಕಂಪ್ಯೂಟರಿಗೂ ಪೂಜಾ ಆಗಿರ್ತೈತಿ.”

ದುರಗವ್ವ ಕಂಪ್ಯೂಟರಿನ ಪಕ್ಕಕ್ಕೇ ಚಾಪೆ ಹಾಸಿ, ಎಲೆ ಅಡಿಕೆಯ ಸಂಚಿ ಬಿಚ್ಚಿ ಕುಳಿತಳು. ಗಡಿಯ ಮೇಲಿನ ಸಿಪಾಯಿಯಾದರೂ ಊಟಕ್ಕೆ ಏಳುತ್ತಾನೆ. ಇವಳು ರೊಟ್ಟಿಯನ್ನೂ ಅಲ್ಲಿಗೇ ತರಿಸಿಕೊಂಡಳು.

ಹುಲಗೇಶ ಹಿತ್ತಲಿಗೆ ಹೋಗಿ ಅಕೀಬನಿಗೆ ಫೋನು ಹಚ್ಚಿದ. ಅಕೀಬ ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುವವನು, ಹಳೆಯ ಗೆಳೆಯ. ಎಲ್ಲ ಕೇಳಿ ಅವನು ಒಂದೇ ಪ್ರಶ್ನೆ ಹಾಕಿದ. “ಅಳಿಸಿದ ಮ್ಯಾಲ ಅದನ್ನ ಚಾಲೂ ಮಾಡೀರೇನ್ರಿ ಅಣ್ಣಾರ?”

“ಮಾಡಾಕ ಬಿಟ್ರ ಮಾಡ್ತೇನಿ. ಅತ್ತ್ಯಾರ ಕಾವಲಕ ಕೂತಾರ.”

“ಅವರ ಕಾಲಿಗೆ ನಮಸ್ಕಾರಾ ಮಾಡ್ರಿ. ಅಳಿಸಿದ ಫೈಲ್ ಅಂದ್ರ, ಬಸ್ಸಿನ್ಯಾಗ ಸೀಟ ಹಿಡದ ಟಾವೆಲ್ ತಗದಂಗ ಅಷ್ಟ. ಮನಷ್ಯಾ ಇನ್ನೂ ಅಲ್ಲೇ ಕೂತಿರ್ತಾನ. ನೀವು ಹೊಸಾದೇನರ ತಂದ ಹಾಕಿದ್ರಿ ಅಂದ್ರ ಅವನ ಮ್ಯಾಲ ಇನ್ನೊಬ್ಬಾವ ಬಂದ ಕೂಡ್ತಾನ. ಆಮ್ಯಾಲ ಯಾರ ಬಂದ್ರೂ ಆಗೂದಿಲ್ಲ.”

“ನಾಳೆ ಸಂಜಿಗೆ ಬರ್ತಿ? ಹೆಂಗಸರು ಬನ್ನಿ ಕೊಡಾಕ ಹೊರಗ ಹೋಗ್ತಾರ. ಎಲ್ಲಾ ಸಿಗತೈತಿ ಹೌದಲ್ಲೋ?”

“ಬರ್ತೇನ್ರಿ. ಆದ್ರ ನೂರಕ್ಕ ನೂರ ಸಿಗತೈತಿ ಅಂತ ಹೇಳಾಕ ಬರೂದಿಲ್ಲ.”

ಆ ಕೊನೆಯ ಮಾತು ಹುಲಗೇಶನ ತಲೆ ಹೊಕ್ಕು ಕೂತಿತು. ನೂರಕ್ಕೆ ನೂರು ಸಿಗದಿದ್ದರೆ? ಆಗ ಹೊಳೆಯಿತು ಎರಡನೆಯ ಉಪಾಯ. ಫೈಲು ಹೋಗಿದ್ದರೇನು, ಫೈಲು ಹುಟ್ಟಿದ ಬಾಯಿ ಚಾಪೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕುಳಿತಿದೆಯಲ್ಲ. ಕೆಣಕಿದರೆ ಆಯಿತು. ಒಂದು ದಿನದಲ್ಲಿ ಇನ್ನೂರಾದರೂ ಬಿದ್ದರೆ ಗೈಡ್ ಮೇಡಮ್ಮರ ಕೈ ಕಾಲು ಹಿಡಿಯಬಹುದು. ಮೊಬೈಲಿನ ರೆಕಾರ್ಡು ಚಾಲೂ ಮಾಡಿ ಅಂಗಿಯ ಜೇಬಿಗಿಳಿಸಿ, ಅತ್ತೆಯ ಎದುರು ಊಟಕ್ಕೆ ಕುಳಿತ.

“ರೊಟ್ಟಿ ಭಾಳ ದಪ್ಪ ಆಗ್ಯಾವಲ್ರಿ ಅತ್ತ್ಯಾರ. ನಮ್ಮ ಕಡೆ ಇಂಥಾವನ್ನ ಬಾಗಲಾ ಹಾರದಂಗ ಒತ್ತ ಕೊಡಾಕ ಇಡ್ತಾರ.”

ದುರಗವ್ವನ ಕೈಯೊಳಗಿನ ಎಲೆ ಹರಿಯಿತು. ಮೂಗಿನ ಹೊಳ್ಳೆ ಅರಳಿದವು. ಹುಲಗೇಶ ಜೇಬನ್ನು ಮುಂದೆ ಮಾಡಿದ. ದುರಗವ್ವ ದೇವರ ಮಾಡದಲ್ಲಿ ಉರಿಯುತ್ತಿದ್ದ ನವರಾತ್ರಿಯ ದೀಪವನ್ನು ನೋಡಿದಳು, ಉಗುಳು ನುಂಗಿದಳು.

“ರೊಟ್ಟಿ ಬಡದ ಕೈಗೂ, ಹೆಸರಿಟ್ಟ ಬಾಯಿಗೂ ದೇವಿ ಒಳ್ಳೇದ ಮಾಡ್ಲಿ,” ಎಂದಳು.

ಹುಲಗೇಶ ಮರೆತದ್ದು ಇದನ್ನೇ. ದೀಪ ಹಾಕಿದ ಒಂಬತ್ತು ದಿನ ದುರಗವ್ವನ ಬಾಯಿಂದ ಕೆಟ್ಟ ಮಾತು ಬರುವುದಿಲ್ಲ. ಮೂವತ್ತು ವರ್ಷದ ವ್ರತ ಅದು. ಹೋರಿ ಹಾಯ್ದು ಕಾಲು ಮುರಿದ ವರ್ಷ ಕೂಡ ಅವಳು ಹೋರಿಯ ವಂಶಕ್ಕೆ ಶುಭ ಹಾರೈಸಿದ್ದಳಂತೆ.

ಆದರೂ ಅವನು ಸೋಲಲಿಲ್ಲ. ಎಲೆ ಅಡಿಕೆಯ ಸಂಚಿಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟ. “ಯಾರ ತಗೊಂಡಾರೋ ಅವರ ಬಾಯಿ ಸದಾ ಕೆಂಪಗಿರ್ಲಿ,” ಎಂದು ಅತ್ತೆ ಅವನನ್ನೇ ನೋಡುತ್ತ ಹಾರೈಸಿದಳು. ಅವಳ ಚಪ್ಪಲಿಯನ್ನು ಮಾಳಿಗೆಗೆ ಒಯ್ದಿಟ್ಟ. “ಚಪ್ಪಲಿಗೂ ಮ್ಯಾಲ ಹೋಗೂ ಭಾಗ್ಯ ಬಂತು, ಒಯ್ದಾವ್ರಿಗೂ ಬರ್ಲಿ,” ಎಂದಳು. ಆಶೀರ್ವಾದಗಳು ಬೈಗುಳಕ್ಕಿಂತ ಹೆದರಿಕೆ ಹುಟ್ಟಿಸತೊಡಗಿದವು. ಕೊನೆಗೆ ಹುಲಗೇಶ ಬ್ರಹ್ಮಾಸ್ತ್ರವನ್ನೇ ಬಿಟ್ಟ.

“ಅತ್ತ್ಯಾರ, ಸಂಗವ್ವನ ಎಮ್ಮಿ ನಿಮ್ಮ ಎಮ್ಮಿಗಿಂತಾ ಒಂದ ಲೀಟರ್ ಹೆಚ್ಚ ಹಾಲ ಕೊಡತೈತಂತ. ಊರ ತುಂಬ ಅದ ಸುದ್ದಿ.”

ದುರಗವ್ವ ಎದ್ದು ನಿಂತಳು. ದೇವರ ಮಾಡದ ಮುಂದೆ ಹೋಗಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಸುಮಾರು ಹೊತ್ತು ನಿಂತು ತಿರುಗಿ ಬಂದಳು.

“ಸಂಗವ್ವನ ಎಮ್ಮಿ ತಣ್ಣಗಿರ್ಲಿ,” ಎಂದಳು ಹಲ್ಲು ಕಚ್ಚಿ. “ಸಂಗವ್ವಾನೂ ತಣ್ಣಗಿರ್ಲಿ. ಈ ಸುದ್ದಿ ತಂದಾವ್ರೂ ತಣ್ಣಗಿರ್ಲಿ.”

ಅಕ್ಟೋಬರದ ಬಿಸಿಲಿನಲ್ಲಿಯೂ ಹುಲಗೇಶನಿಗೆ ಚಳಿ ಬಂತು. ಪ್ರಭಾವತಿ ಅಡುಗೆಮನೆಯಿಂದ ಇಣುಕಿ, “ಮುಂಜಾನಿಂದ ನಮ್ಮವ್ವನ ಯಾಕ ಕೆಣಕಾಕತ್ತೀರಿ? ಏನಾಗೇತಿ ನಿಮಗ?” ಎಂದು ಕೇಳಿದಳು. ಏನೂ ಇಲ್ಲ ಎಂದ. ಸಂಜೆಗೆ ಎಣಿಸಿದರೆ ಮೊಬೈಲಿನಲ್ಲಿ ಹದಿನೇಳು ಆಶೀರ್ವಾದ ಇದ್ದವು. ಪ್ರಬಂಧದ ವಿಷಯ ಬೇರೆಯಾಗಿದ್ದರೆ ಒಂದು ಅಧ್ಯಾಯಕ್ಕೆ ಸಾಲುತ್ತಿದ್ದವು.

ಮರುದಿನ ಸಂಜೆ ದೀಪ ಎತ್ತಿ ನವರಾತ್ರಿ ಮುಗಿಸಿದರು. ಕಂಪ್ಯೂಟರಿಗೂ ಎರಡು ಬನ್ನಿ ಎಲೆ ಮುಡಿಸಿ, ತಾಯಿ ಮಗಳು ಓಣಿಯ ಮನೆಗಳಿಗೆ ಬನ್ನಿ ಕೊಡಲು ಹೊರಟರು. ಅವರು ಓಣಿ ತಿರುಗಿದ್ದೇ ತಡ ಅಕೀಬ ಬಂದ. ಅವನೂ ಜೇಬಿನಿಂದ ಬನ್ನಿ ತೆಗೆದು ಕೊಟ್ಟು, “ಬಂಗಾರಧಂಗ ಇರೂಣ್ರಿ ಅಣ್ಣಾರ,” ಎಂದು ತಬ್ಬಿಕೊಂಡ. ಹುಲಗೇಶ ಅವನನ್ನು ಬಿಡದೆ ಹಾಗೆಯೇ ಪೆಟ್ಟಿಗೆಯ ತನಕ ನಡೆಸಿಕೊಂಡು ಹೋದ.

ಅಕೀಬ ಮಾಲೆ ಸರಿಸಿ, ಪೆಟ್ಟಿಗೆ ಬಿಚ್ಚಿ, ಡಿಸ್ಕು ಹೊರತೆಗೆದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಅರ್ಧ ತಾಸು ಅದು ಗುರುಗುಟ್ಟಿತು. ಆ ಅರ್ಧ ತಾಸಿನಲ್ಲಿ ಹುಲಗೇಶ ಎಲ್ಲ ದೇವರಿಗೂ ಹರಕೆ ಹೊತ್ತ. ಕಂಪ್ಯೂಟರನ್ನು ಇನ್ನೆಂದೂ ತೊಳೆಯುವುದಿಲ್ಲ ಎಂದು ತಲೆ ಮುಟ್ಟಿಕೊಂಡು ಆಣೆ ಮಾಡಿದ.

“ಬಂದೂವ್ರಿ,” ಎಂದ ಅಕೀಬ. “ಒಂದೂ ಕೆಟ್ಟಿಲ್ಲ. ಅಳಿಸಿದ ಮ್ಯಾಲ ಯಾರೂ ಮುಟ್ಟಿಲ್ಲ, ಅದಕ್ಕ ಉಳದಾವ. ಆದ್ರ ಹೆಸರ ಹೋಗ್ಯಾವ, ಬರೇ ನಂಬರ್ ಅದಾವ. ಇವ ಹೌದೋ ಅಲ್ಲೋ ಒಂದೆರಡು ಕೇಳಿ ನೋಡ್ರಿ.”

ಅವನ ಲ್ಯಾಪ್‌ಟಾಪಿನ ದನಿ ಸತ್ತು ವರ್ಷವಾಗಿತ್ತು. ಮನೆಯ ಸ್ಪೀಕರಿನ ವಾಯರನ್ನೇ ಅದಕ್ಕೆ ಸಿಕ್ಕಿಸಿದ. ಬೆಳಿಗ್ಗೆ ಮೊಬೈಲಿನಿಂದ ದೇವಿಯ ಹಾಡು ಹಚ್ಚಿದ್ದ ಸ್ಪೀಕರು ಅದು, ದನಿ ಪೂರ್ತಿ ಏರಿಸಿಯೇ ಇತ್ತು. ಮೂವತ್ತೇಳನೆಯ ನಂಬರು ಒತ್ತಿದೊಡನೆ ದುರಗವ್ವನ ಕಂಠ ಓಣಿಗೆಲ್ಲ ಕೇಳುವಂತೆ ಮೊಳಗಿತು.

“ಅಳಿಯಂತ ಅಳಿಯಾ. ಕೀಲಿಕೈ ಮನ್ಯಾಗ ಬಿಟ್ಟು ಮನೀಗೆ ಕೀಲಿ ಹಾಕೂ ಮೂಳ. ಮಳಿ ಬಂದಾಗ ಇವನ ಕೊಡಿ ಮನ್ಯಾಗ ಇರ್ಲಿ.”

ಹುಲಗೇಶ ಅಕೀಬನನ್ನು ನೋಡಿದ. ಅಕೀಬ ನೆಲ ನೋಡಿದ. “ಬ್ಯಾರೇದ ಹಚ್ಚು,” ಎಂದ ಹುಲಗೇಶ. ಬೇರೆಯದರಲ್ಲಿಯೂ ಅಳಿಯನಿದ್ದ, ಅವನ ಗೊರಕೆಗೆ ಮನೆಯ ಬೆಕ್ಕು ಕೂಡ ಊರು ಬಿಡಲಿ ಎಂದಿತ್ತು. ಮೂರನೆಯದರಲ್ಲಿ ಅವನು ಮಾವಿನಕಾಯಿ ತರಲು ಹೋಗಿ ಹಾಗಲಕಾಯಿ ತಂದಿದ್ದ.

“ಎಲ್ಲಾ ನಿಮ್ಮವ ಅದಾವಲ್ರಿ ಅಣ್ಣಾರ.”

“ಅತ್ತ್ಯಾರ ನನಗ ಇವತ್ತಿನತನಾ ಒಂದ ಮಾತ ಅಂದಿಲ್ಲೋ ಅಕೀಬ. ಅಳಿಯಾರ ಅಂತನ ಮಾತಾಡಸ್ತಾರ.”

ಅಕೀಬ ಮೆಲ್ಲಗೆ ಪ್ರಬಂಧದ ಪುಟ ತೆರೆದು ತೋರಿಸಿದ. ಆರನೆಯ ಅಧ್ಯಾಯದ ಹೆಸರು ‘ಅಳಿಯ’. ಒಟ್ಟು ಆರುನೂರಾ ಹದಿನಾಲ್ಕರಲ್ಲಿ ಇನ್ನೂರಾ ಹನ್ನೊಂದು ಅಲ್ಲಿದ್ದವು, ಎದುರಾಳಿ ಸಂಗವ್ವನಿಗಿಂತ ಇಪ್ಪತ್ತನಾಲ್ಕು ಹೆಚ್ಚು. ನಾಳೆ ಓದುತ್ತೇನೆಂದು ಮೂರು ವರ್ಷ ದೂಡಿದ್ದನ್ನು ಹುಲಗೇಶ ನಿಂತ ಕಾಲಲ್ಲಿ ಓದಿದ. ತಲೆಯೆತ್ತಿದಾಗ ಬಾಗಿಲಲ್ಲಿ ತಾಯಿ ಮಗಳು ಬನ್ನಿ ಹಿಡಿದು ನಿಂತಿದ್ದರು.

ಬಿಚ್ಚಿದ ಪೆಟ್ಟಿಗೆ ನೋಡಿ ಪ್ರಭಾವತಿ, “ಏನಾತ್ರಿ?” ಎಂದಳು. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ಹುಲಗೇಶ ಅಂಗಳದಿಂದ ಹಿಡಿದು ಹದಿನೇಳು ಆಶೀರ್ವಾದಗಳ ತನಕ ಎಲ್ಲವನ್ನೂ ಒಪ್ಪಿಕೊಂಡ. ಪ್ರಭಾವತಿ ಬನ್ನಿ ಕೆಳಗಿಟ್ಟು ಮೊದಲು ಪೆನ್ ಡ್ರೈವಿಗೆ ಕೈ ಹಾಕಿದಳು.

“ಎಲ್ಲಾ ಸಿಕ್ಕಾವ್ರಿ ಅಕ್ಕಾರ,” ಎಂದ ಅಕೀಬ ಅವಸರವಾಗಿ. “ಅಮ್ಮಾರ ಪೂಜಾ ಮಾಡಿ ಮುಟ್ಟಗೊಟ್ಟಿಲ್ಲ ನೋಡ್ರಿ, ಅದ ಉಳಿಸೇತಿ.”

ಅವಳು ಲ್ಯಾಪ್‌ಟಾಪಿನ ಮುಂದೆ ಕುಳಿತು ಒಂದೊಂದಾಗಿ ಎಣಿಸಿದಳು. ಆರುನೂರಾ ಹದಿನಾಲ್ಕೂ ಇದ್ದವು. ಕಣ್ಣೊರೆಸಿಕೊಂಡು ತಾಯಿಯ ಕೈ ಹಿಡಿದಳು. ಹುಲಗೇಶನಿಗೆ ಎದೆಯ ಮೇಲಿನ ಬೀಸುಕಲ್ಲು ಇಳಿದಂತಾಯಿತು.

ದುರಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಪ್ರಭಾ, ದೀಪ ಎತ್ತೇತಿ ಹೌದಲ್ಲ?”

“ಎತ್ತೇತಿ ಅವ್ವಾ,” ಎಂದಳು ಪ್ರಭಾವತಿ, ಮೊಬೈಲು ತೆಗೆಯುತ್ತ.

ಒಂಬತ್ತು ದಿನ ಕಟ್ಟಿ ನಿಂತಿದ್ದ ಕೆರೆ ಒಡೆಯಿತು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮೊದಲ ಸಲ ಅತ್ತೆಯ ಮಾತಿನಿಂದ ‘ರಿ’ ಕಳಚಿ ಬಿತ್ತು.

“ಹೊರಗ ಹಾಕಿದ್ದ ಒಳಗ ತರಾಕ ಬರದ ಖೋಡಿ, ಗುಡಿಗೆ ಹೋದಾಗೆಲ್ಲಾ ನಿನ್ನ ಎಡಗಾಲ ಚಪ್ಪಲ ಕಳೀಲಿ. ನೀ ಅದ್ದಿದ ಬಿಸ್ಕೀಟ ಚಹಾದಾಗ ಮುರದ ಬೀಳ್ಲಿ. ನೀ ಕೈ ಮಾಡಿದ ಬಸ್ಸ ಮುಂದ ಹೋಗಿ ನಿಂದರ್ಲಿ, ನೀ ಓಡಿ ಮುಟ್ಟೂದ್ರಾಗ ಬಿಡ್ಲಿ...”

“ಅವ್ವಾ, ಸಾವಕಾಶ. ಬಿಸ್ಕೀಟಂದ ಇನ್ನೊಮ್ಮೆ ಹೇಳ. ರೀ, ನೀವು ಈ ಮೊಬೈಲ್ ಹಿಡೀರಿ, ನಾ ಬರಕೋತೇನಿ. ಸ್ವಲ್ಪ ಅವ್ವನ ಬಾಯಿ ಹತ್ರ ಹಿಡೀರಿ.”

ಹುಲಗೇಶ ಹತ್ತಿರ ಹಿಡಿದ. ಇಪ್ಪತ್ತು ನಿಮಿಷ ತೋಳು ಚಾಚಿ, ತನ್ನ ಮೇಲೆ ಬಿದ್ದ ಒಂದೊಂದನ್ನೂ ಒಂದಿಷ್ಟೂ ಚೆಲ್ಲದಂತೆ ತುಂಬಿಸಿಕೊಂಡ. ಅಕೀಬ ಅಷ್ಟರಲ್ಲಿ ಪೆಟ್ಟಿಗೆ ಜೋಡಿಸಿ, ಎಲ್ಲವನ್ನೂ ವಾಪಸ್ ತುಂಬಿ, ಮಾಲೆಯನ್ನು ಮತ್ತೆ ಹಾಕಿದ. ಕೊನೆಗೆ ದುರಗವ್ವ ಒಂದು ತಂಬಿಗೆ ನೀರು ಕುಡಿದು, ಸೆರಗು ಬಿಚ್ಚಿ ತಲೆಯ ಮೇಲೆ ಹೊದ್ದು, ಅಳಿಯನ ಕೈಗೆ ಬನ್ನಿ ಇಟ್ಟಳು.

“ಬನ್ನಿ ತಗೋರಿ ಅಳಿಯಾರ. ಬಂಗಾರಧಂಗ ಇರ್ರಿ,” ಎಂದಳು, ಏನೂ ಆಗಿಲ್ಲವೆಂಬಂತೆ.

ಪ್ರಭಾವತಿ ಎಣಿಸಿ ಮುಗಿಸಿದ್ದಳು. “ಮೂವತ್ತೊಂಬತ್ತ ಹೊಸಾವು. ಅಧ್ಯಾಯ ಆರು ಇನ್ನೂ ಛಲೋ ಆತು.”

ಹುಲಗೇಶ ಬನ್ನಿ ಕಣ್ಣಿಗೊತ್ತಿಕೊಂಡು, ಕಲಿತ ಪಾಠವನ್ನು ಒಪ್ಪಿಸುವ ಹುಡುಗನಂತೆ ಹೇಳಿದ. “ಪ್ರಭಾ, ಇನ್ನ ಮ್ಯಾಲ ಒಂದ ಕಡೆ ಇಡೂದ ಬ್ಯಾಡ. ನಿಮ್ಮ ಸಾಲ್ಯಾಗ ಒಂದ ನಕಲು, ಅಕೀಬನ ಅಂಗಡ್ಯಾಗ ಒಂದ ನಕಲು ಇಡೂಣು. ಮತ್ತ ಕಳದ್ರ ಏನ ಗತಿ?”

“ನಕಲ ಯಾಕ ಬೇಕ್ರಿ?” ಎಂದಳು ಪ್ರಭಾವತಿ. “ಎಲ್ಲಾ ಕಳದ್ರೂ ಚಿಂತಿಲ್ಲ. ನೀವೊಬ್ರು ಅವ್ವನ ಕಣ್ಣ ಮುಂದ ಇದ್ರ ಸಾಕು, ಒಂದ ವಾರದಾಗ ಆರುನೂರೂ ವಾಪಸ್ ಬರ್ತಾವ.”